‘ಡೆಮೊ ಯಾವಾಗ?’ ಎಂದು ಕೇಳಿದವರಿಗೆ



ಕಳೆದ ತಿಂಗಳು ನಮ್ಮ ಸಂಘದ ವಾರ್ಷಿಕೋತ್ಸವದ ಕಾರ್ಯಕ್ರಮ ಪಟ್ಟಿಯನ್ನು ಈ ಪುಟದಲ್ಲಿ ಪ್ರಕಟಿಸುವಾಗ, ತಾಳಮದ್ದಳೆ ಮತ್ತು ಸನ್ಮಾನ ಸಮಾರಂಭದ ನಡುವೆ ‘ಕನ್ನಡ ಕಂಪ್ಯೂಟರ್ ಆಟದ ಡೆಮೊ ಬಿಡುಗಡೆ’ ಎಂದು ಒಂದು ಸಾಲು ಸೇರಿಸಿದ್ದೆವು. ಹತ್ತು ದಿನ ಕಳೆಯುವುದರೊಳಗೆ ಆ ಸಾಲನ್ನು ತೆಗೆದುಹಾಕಿದೆವು. ಆ ಮೇಲೆ ಬಂದ ದೂರವಾಣಿ ಕರೆಗಳಿಗೆ ಲೆಕ್ಕವಿಲ್ಲ. ಯುವಕರಿಗೆ ವೇದಿಕೆ ಕೊಡಲು ಸಂಘಕ್ಕೆ ಮನಸ್ಸಿಲ್ಲವೇ ಎಂದು ಒಬ್ಬರು ಕೇಳಿದರು. ಆಟದಲ್ಲೇ ಏನಾದರೂ ಆಕ್ಷೇಪಾರ್ಹ ಇದೆಯೇ ಎಂದು ಇನ್ನೊಬ್ಬರು. ಹಿರಿಯ ಸದಸ್ಯರೊಬ್ಬರಂತೂ “ಡೆಮೊ ಅಂದರೆ ಎಂತದು ಮಾರಾಯ್ರೇ, ಅದನ್ನು ಮೊದಲು ಹೇಳಿ” ಎಂದರು. ಈ ಮೂರನೆಯ ಪ್ರಶ್ನೆಯೇ ಸರಿಯಾದದ್ದು ಎಂದು ತೋರಿದ್ದರಿಂದ ಈ ಬರಹ.

ಮೊದಲಿಗೆ ತಪ್ಪೊಪ್ಪಿಗೆ. ಆ ಸಾಲು ಸೇರಿಸಿದ್ದು ನಮ್ಮ ಅವಸರ. ಆಟ ತಯಾರಿಸುತ್ತಿರುವ ಹುಡುಗ “ಆಲೋಚನೆ ಮಾಡುವ ಮಾವ” ಎಂದದ್ದನ್ನು ನಾವು “ಆಗಲಿ ಮಾವ” ಎಂದೇ ಕೇಳಿಸಿಕೊಂಡೆವು. ಮೂವತ್ತಕ್ಕೂ ಹೆಚ್ಚು ವರ್ಷ ಕಡತ ನೋಡಿದವರಿಗೆ, ಮೇಲಿನವರ ಸಹಿ ಬೀಳುವ ಮುಂಚೆ ಆದೇಶ ಹೊರಡಿಸಬಾರದು ಎಂಬುದು ಗೊತ್ತಿರಬೇಕಿತ್ತು. ಗೊತ್ತಿದ್ದೂ ಮಾಡಿದೆವು. ಅವರಿಬ್ಬರ ಕ್ಷಮೆಯನ್ನು ಆಗಲೇ ಕೇಳಿದ್ದೇವೆ, ಈಗ ಸದಸ್ಯರ ಕ್ಷಮೆಯನ್ನೂ ಕೇಳುತ್ತೇವೆ.

ಈ ಇಬ್ಬರು ನಮ್ಮ ಸದಸ್ಯರ ಮನೆಯವರೇ. ಅವನು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವನು. ಚಿತ್ರ ಬರೆಯುವವಳು ಅವನ ಅತ್ತೆಯ ಮಗಳು, ಮಂಗಳೂರಿನಲ್ಲಿ ಓದಿದವಳು. ಅವರ ಆಟದ ವಸ್ತು ನಮ್ಮ ಗುಡ್ಡೆಗಳ ಸುರಂಗ. ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ, ಆದರೆ ಹೊಸೂರು, ಸೊಲ್ಲಾಪುರದ ಕಡೆಯಿಂದ ಈ ಪುಟ ಓದುವ ಬಂಧುಗಳಿಗಾಗಿ ಹೇಳುವುದಾದರೆ, ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು, ಒಬ್ಬ ಆಳು ನಡೆದುಹೋಗುವಷ್ಟು ಜಾಗ ಮಾಡಿಕೊಂಡು, ಒಳಗಿನ ಒಸರು ನೀರನ್ನು ಹೊರಗೆ ಹರಿಸಿಕೊಳ್ಳುವ ಪದ್ಧತಿ ಇದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಕಂಗಿನ ತೋಟಕ್ಕೆ ಇಳಿಯುತ್ತದೆ. ಆಟದಲ್ಲಿ ನೀವು ಸುರಂಗ ತೋಡುವ ಆಳು. ಎತ್ತ ತಿರುಗಬೇಕೆಂದು ಮಣ್ಣಿನ ತೇವ ನೋಡಿ, ಪಿಕ್ಕಾಸಿನ ಸದ್ದು ಕೇಳಿ ತೀರ್ಮಾನಿಸಬೇಕು. ಕೈಯಲ್ಲಿರುವ ದೀಪದ ಕುಡಿ ಸಣ್ಣದಾದರೆ ಗಾಳಿ ಸಾಲುತ್ತಿಲ್ಲವೆಂದು ತಿಳಿದು ಹಿಂದಕ್ಕೆ ಬರಬೇಕು. ಗುಂಡು ಹಾರಿಸುವುದು, ಕತ್ತಿ ಬೀಸುವುದು ಯಾವುದೂ ಇಲ್ಲ. ಎರಡು ವರ್ಷದಿಂದ ಇಬ್ಬರೇ ಮಾಡುತ್ತಿದ್ದಾರೆ. ಉಳಿತಾಯದ ಹಣ ಬರುವ ವರ್ಷದ ದೀಪಾವಳಿಯವರೆಗೆ ಸಾಕು ಎಂದು ಅವನು ಲೆಕ್ಕ ಬರೆದು ತೋರಿಸಿದ. ಆ ಲೆಕ್ಕವನ್ನು ನಾವೂ ಕೂಡಿ ಕಳೆದು ನೋಡಿದೆವು. ಸರಿಯಾಗಿಯೇ ಇದೆ, ಆದರೆ ಅದರಲ್ಲಿ ಆಸ್ಪತ್ರೆ ಖರ್ಚಿಗೆ, ಕಂಪ್ಯೂಟರ್ ಕೆಟ್ಟರೆ ರಿಪೇರಿಗೆ ಒಂದು ರೂಪಾಯಿಯೂ ಇಲ್ಲ.

ಇನ್ನು ಡೆಮೊ ಎಂದರೇನು ಎಂಬುದಕ್ಕೆ ಬರೋಣ. ಇಡೀ ಆಟದಲ್ಲಿ ಆರಂಭದ ಒಂದು ಭಾಗವನ್ನು, ಇಲ್ಲವೇ ಅದಕ್ಕೆಂದೇ ಮಾಡಿದ ಒಂದು ತುಂಡನ್ನು, ಆಡಿ ನೋಡಲು ಪುಕ್ಕಟೆಯಾಗಿ ಕೊಡುವುದು. ಇದು ಇಂದು ನಿನ್ನೆಯದಲ್ಲ. 1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್‌ನವರು ‘ಡೂಮ್’ ಎಂಬ ಆಟವನ್ನು ಹೊರತಂದಾಗ, ಅದರ ಮೂರು ಅಧ್ಯಾಯಗಳಲ್ಲಿ ಮೊದಲನೆಯದನ್ನು ಪೂರ್ತಿ ಉಚಿತವಾಗಿ ಬಿಟ್ಟರು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಿತ್ತು. ಫ್ಲಾಪಿಗಳಲ್ಲಿ ಕೈಯಿಂದ ಕೈಗೆ ಹೋಯಿತು. ಉಳಿದ ಎರಡು ಅಧ್ಯಾಯ ಬೇಕಾದವರು ಹಣ ಕೊಟ್ಟು ತರಿಸಿಕೊಂಡರು. ಇಲ್ಲಿ ಗಮನಿಸಬೇಕಾದ್ದು, ಉಚಿತ ಭಾಗ ಹೊರಬಿದ್ದ ದಿನವೇ ಉಳಿದ ಭಾಗವೂ ಮಾರಾಟಕ್ಕೆ ಸಿದ್ಧವಿತ್ತು. ರುಚಿ ಹತ್ತಿದವನು ಕಾಯಬೇಕಾಗಿರಲಿಲ್ಲ.

ಈಗಿನ ಸಣ್ಣ ತಯಾರಕರ ಸ್ಥಿತಿ ಹಾಗಲ್ಲ. ಅವರು ಆಟ ಮುಗಿಯುವ ಎಷ್ಟೋ ತಿಂಗಳ ಮೊದಲೇ ಡೆಮೊ ಬಿಡುತ್ತಾರೆ. ಹೀಗೇಕೆಂದು ಅವನನ್ನು ಕೇಳಿದಾಗ ಅವನು ‘ಸ್ಟೀಮ್’ ಎಂಬ ಅಂಗಡಿಯ ವ್ಯವಹಾರವನ್ನು ನಮಗೆ ಎರಡು ಸಂಜೆ ಕೂತು ಹೇಳಿದ. ಅದರ ಸಾರ ಇಷ್ಟು.

ಸ್ಟೀಮ್ ಎಂಬುದು ಕಂಪ್ಯೂಟರ್ ಆಟಗಳನ್ನು ಮಾರುವ ಅತಿ ದೊಡ್ಡ ಆನ್‌ಲೈನ್ ಅಂಗಡಿ. ವಾಲ್ವ್ ಎಂಬ ಅಮೆರಿಕದ ಕಂಪೆನಿಯದ್ದು. ಒಂದು ಆಟಕ್ಕೆ ನೂರು ಡಾಲರ್ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಅಲ್ಲಿ ಪುಟ ತೆರೆಯಬಹುದು. ಆಟ ಸಾವಿರ ಡಾಲರ್ ವ್ಯಾಪಾರ ಮಾಡಿದರೆ ಆ ಶುಲ್ಕ ಹಿಂದಕ್ಕೆ ಬರುತ್ತದೆ. ಆಟ ಇನ್ನೂ ತಯಾರಾಗುತ್ತಿರುವಾಗಲೇ ‘ಬರಲಿದೆ’ ಎಂಬ ಪುಟ ಹಾಕಬಹುದು. ನೋಡಿದವರಿಗೆ ಇಷ್ಟವಾದರೆ ಒಂದು ಗುಂಡಿ ಒತ್ತಿ ತಮ್ಮ ‘ವಿಶ್‌ಲಿಸ್ಟ್’ಗೆ ಸೇರಿಸಿಕೊಳ್ಳುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬೇಕಾದ ಸಾಮಾನಿನ ಚೀಟಿ. ಆಟ ಮಾರಾಟಕ್ಕೆ ಬಂದ ದಿನ ಅಂಗಡಿಯವರೇ ಆ ಚೀಟಿ ಬರೆದವರಿಗೆಲ್ಲ ಮಿಂಚಂಚೆ ಕಳುಹಿಸುತ್ತಾರೆ. ಬಿಡುಗಡೆಯ ದಿನ ಎಷ್ಟು ಜನರ ಚೀಟಿಯಲ್ಲಿ ನಿಮ್ಮ ಹೆಸರಿದೆ ಎಂಬುದರ ಮೇಲೆ ಆ ವಾರದ ವ್ಯಾಪಾರ ಬಹುಮಟ್ಟಿಗೆ ನಿಂತಿದೆ. ಜಾಹೀರಾತಿಗೆ ಹಣವಿಲ್ಲದ ಇಬ್ಬರಿಗೆ ಈ ಚೀಟಿಯೇ ಬಂಡವಾಳ.

ನಾವು ಮೊದಲು ಎಡವಿದ್ದು ಇಲ್ಲಿಯೇ. ನಮ್ಮ ವಾರ್ಷಿಕೋತ್ಸವದ ದಿನಕ್ಕೆ ಅವರ ಪುಟವೇ ಇರುವುದಿಲ್ಲ. ಸಭಾಂಗಣದಲ್ಲಿ ಇನ್ನೂರು ಜನ ಕೂತು ಚಪ್ಪಾಳೆ ತಟ್ಟುತ್ತೀರಿ, ಮಕ್ಕಳು ಮನೆಗೆ ಹೋಗಿ ಡೆಮೊ ಆಡುತ್ತಾರೆ, ಯಾರೋ ಅದನ್ನು ಕೊಲ್ಲಿ ದೇಶದಲ್ಲಿರುವ ಅಣ್ಣನಿಗೆ ಕಳುಹಿಸುತ್ತಾರೆ. ಆಮೇಲೆ? ಆಡಿ ಮೆಚ್ಚಿದವನು ತನ್ನ ಹೆಸರು ಬರೆಸಲು ಒಂದು ಪುಸ್ತಕವೇ ಇಲ್ಲ. ಆರೆಂಟು ತಿಂಗಳ ಬಳಿಕ ಆಟ ಬರುವಾಗ ಅವನಿಗೆ ತಿಳಿಸುವುದು ಹೇಗೆ? ಅಷ್ಟರಲ್ಲಿ ಅವನು ಮರೆತೂ ಇರುತ್ತಾನೆ.

ಆಟದ ಮೇಳಗಳ ಊರಿನವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಸಂಜೆ ಹೊತ್ತಿಗೆ ಕೇಳಿ ಬಾರಿಸುತ್ತಾರೆ. ಚೆಂಡೆಯ ಸದ್ದು ಗುಡ್ಡೆ ದಾಟಿ ಹೋಗಿ, ಇಂದು ರಾತ್ರಿ ಆಟವಿದೆ ಎಂದು ಸುತ್ತಲಿನವರಿಗೆ ಗೊತ್ತಾಗುತ್ತದೆ. ಅದನ್ನೇ ಬೆಳಿಗ್ಗೆ ಹತ್ತು ಗಂಟೆಗೆ ಬಾರಿಸಿದರೆ ಜನ ಗದ್ದೆಯಿಂದ ಎದ್ದು ಬಂದು ನೋಡಿ, ಚೌಕಿಯೂ ಇಲ್ಲ ರಂಗಸ್ಥಳವೂ ಇಲ್ಲವೆಂದು ವಾಪಸು ಹೋಗುತ್ತಾರೆ. ಸಂಜೆ ಮತ್ತೆ ಬಾರಿಸಿದಾಗ ಅವರು ಏಳುವುದಿಲ್ಲ.

ಎರಡನೆಯ ವಿಷಯ ಇನ್ನೂ ಗಂಭೀರ. ಸ್ಟೀಮ್‌ನವರು ವರ್ಷಕ್ಕೆ ಮೂರು ಸಲ, ಫೆಬ್ರವರಿ, ಜೂನ್ ಮತ್ತು ಅಕ್ಟೋಬರ್‌ನಲ್ಲಿ, ಒಂದೊಂದು ವಾರದ ‘ನೆಕ್ಸ್ಟ್ ಫೆಸ್ಟ್’ ನಡೆಸುತ್ತಾರೆ. ಇನ್ನೂ ಬಿಡುಗಡೆಯಾಗದ ಆಟಗಳ ಡೆಮೊಗಳಿಗೆಂದೇ ಇರುವ ಜಾತ್ರೆ ಅದು. 2019ರ ಡಿಸೆಂಬರ್‌ನಲ್ಲಿ ಬೇರೆ ಹೆಸರಿನಲ್ಲಿ ಸಣ್ಣದಾಗಿ ಶುರುವಾದದ್ದು, ಈಗ ಸಾವಿರಗಟ್ಟಲೆ ಡೆಮೊಗಳು ಒಟ್ಟಿಗೆ ಬರುತ್ತವೆ. ಅಲ್ಲಿಗೆ ಹೊಸ ಆಟ ಹುಡುಕಿಕೊಂಡೇ ಜನ ಬರುವುದರಿಂದ, ಯಾರಿಗೂ ಗೊತ್ತಿಲ್ಲದ ತಯಾರಕನಿಗೂ ನಾಲ್ಕು ಜನ ಸಿಗುವ ಜಾಗ. ಆದರೆ ನಿಯಮ ಕಟ್ಟುನಿಟ್ಟು. ಒಂದು ಆಟಕ್ಕೆ ಆಯುಷ್ಯದಲ್ಲಿ ಒಂದೇ ಸಲ ಅವಕಾಶ. ಫೆಬ್ರವರಿಯಲ್ಲಿ ಅರೆಬೆಂದದ್ದನ್ನು ಇಟ್ಟು, ಜೂನ್‌ನಲ್ಲಿ ಸರಿಮಾಡಿ ತರುತ್ತೇನೆ ಎಂದರೆ ನಡೆಯುವುದಿಲ್ಲ. ಮೊದಲೇ ಹೆಸರು ನೋಂದಾಯಿಸಬೇಕು, ಡೆಮೊವನ್ನು ಕೆಲವು ದಿನ ಮುಂಚೆಯೇ ಅಂಗಡಿಯವರ ಪರಿಶೀಲನೆಗೆ ಕೊಡಬೇಕು, ಪುಟ ಸಾರ್ವಜನಿಕವಾಗಿರಬೇಕು. ಇಲಾಖಾ ಪರೀಕ್ಷೆಗಾದರೂ ಮರುಯತ್ನವಿರುತ್ತದೆ!

ನಮ್ಮ ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯ ಬಂದಾಗ ಅಭಿಪ್ರಾಯ ಎರಡಾಯಿತು. ಕೋಶಾಧಿಕಾರಿಗಳು “ಡೆಮೊವೇ ಬೇಡ, ಪುಕ್ಕಟೆ ಸಿಕ್ಕಿದ ಮೇಲೆ ಕೊಳ್ಳುವವರು ಯಾರು?” ಎಂದರು. ಇದು ಬರೀ ನಮ್ಮವರ ಗುಮಾನಿಯಲ್ಲ. ಅಮೆರಿಕದ ಆಟ ವಿನ್ಯಾಸಕ, ಪ್ರಾಧ್ಯಾಪಕ ಜೆಸ್ಸಿ ಶೆಲ್ 2013ರ ಒಂದು ಸಮ್ಮೇಳನದಲ್ಲಿ ಎಕ್ಸ್‌ಬಾಕ್ಸ್ 360ರ ಆಟಗಳ ಮಾರಾಟದ ಅಂಕಿಅಂಶ ತೋರಿಸಿ, ಡೆಮೊ ಕೊಡದೆ ಟ್ರೇಲರ್ ಮಾತ್ರ ತೋರಿಸಿದ ಆಟಗಳೇ ಹೆಚ್ಚು ಮಾರಾಟವಾಗಿವೆ ಎಂದಿದ್ದರು. ಟ್ರೇಲರ್ ನೋಡಿದವನಿಗೆ ಕುತೂಹಲ ಉಳಿಯುತ್ತದೆ, ಡೆಮೊ ಆಡಿದವನಿಗೆ ಅದು ತೀರಿಹೋಗುತ್ತದೆ ಎಂಬ ವಾದ. ನಮಗೂ ಕೇಳಲು ಸರಿ ಎನಿಸಿತು. ಆದರೆ ಹುಡುಗ ಹೇಳಿದ್ದು ಬೇರೆ: “ಅದು ಹಾಗಲ್ಲ ಮಾವ. ಆ ಕಂಪೆನಿಗಳ ಹೆಸರು ಜನಕ್ಕೆ ಮೊದಲೇ ಗೊತ್ತಿತ್ತು. ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ನಮ್ಮದು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ತೀರಿಹೋಗಲಿಕ್ಕೆ ಕುತೂಹಲ ಇರಬೇಕಲ್ಲ?” ಇದಕ್ಕೆ ಕೋಶಾಧಿಕಾರಿಗಳಲ್ಲಿ ಉತ್ತರವಿರಲಿಲ್ಲ. ಅದಲ್ಲದೆ ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಆಟ ಹಿಡಿಸದವನು ಡೆಮೊದಲ್ಲೇ ಬಿಟ್ಟುಹೋದರೆ ಒಳ್ಳೆಯದೇ. ಕೊಂಡು, ಬೈದು, ಹಿಂದಿರುಗಿಸುವುದಕ್ಕಿಂತ ಲೇಸು.

ಉಪಾಧ್ಯಕ್ಷರಾದ ಮಾಷ್ಟ್ರು ಇನ್ನೊಂದು ತುದಿಗೆ ಹೋದರು. ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು, ಜನ ಹೇಳಿದ ಹಾಗೆ ತಿದ್ದುತ್ತಾ ಹೋಗಲಿ ಎಂಬುದು ಅವರ ವಾದ. ಅವರ ಮೊಮ್ಮಗ ‘ಅಂಡರ್‌ಟೇಲ್’ ಎಂಬ ಆಟದ ಉದಾಹರಣೆ ಹೇಳಿಕೊಟ್ಟಿದ್ದನಂತೆ. ಆ ಉದಾಹರಣೆ ನಿಜವೇ. ಅಮೆರಿಕದ ಟೋಬಿ ಫಾಕ್ಸ್ ಎಂಬ ಯುವಕ 2013ರ ಮೇ ತಿಂಗಳಲ್ಲಿ ಅದರ ಡೆಮೊ ಬಿಟ್ಟರು. ಪೂರ್ತಿ ಆಟ ಬಂದದ್ದು 2015ರ ಸೆಪ್ಟೆಂಬರ್ 15ಕ್ಕೆ, ಎರಡು ವರ್ಷ ದಾಟಿದ ಮೇಲೆ. ಆಟ ಜಗತ್ತಿನಾದ್ಯಂತ ಹೆಸರು ಮಾಡಿತು. ಆದರೆ ಅಲ್ಲಿ ಡೆಮೊ ಬಿಟ್ಟ ಮರುತಿಂಗಳೇ ಕಿಕ್‌ಸ್ಟಾರ್ಟರ್ ಎಂಬ ತಾಣದಲ್ಲಿ ಸಾರ್ವಜನಿಕರಿಂದ ವಂತಿಗೆ ಕೇಳಿದ್ದರು. ಕೇಳಿದ್ದು 5,000 ಡಾಲರ್, ಬಂದದ್ದು 51,000ಕ್ಕೂ ಮೇಲೆ. ಅಂದರೆ ಆ ಡೆಮೊದ ಕೆಲಸ ಆಟ ಮಾರುವುದಲ್ಲ, ಆಟ ಮಾಡಲು ಹಣ ಕೂಡಿಸುವುದು. ಆ ಕೆಲಸಕ್ಕೆ ಅದು ಸರಿಯಾದ ಹೊತ್ತಿಗೇ ಬಂತು. ಮತ್ತೊಂದು ಸಂಗತಿ, ಅದರಲ್ಲಿದ್ದ ಆರಂಭದ ಭಾಗ ಅಷ್ಟಕ್ಕಷ್ಟೇ ಒಂದು ಮುಗಿದ ಕಥೆಯಂತೆ ಇತ್ತು, ಅರ್ಧಕ್ಕೆ ಕತ್ತರಿಸಿದಂತಿರಲಿಲ್ಲ.

ವಂತಿಗೆ ಕೇಳುವುದೂ ಯಾವಾಗಲೂ ಫಲಿಸುವುದಿಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು ‘ರಾಜಿ’ ಎಂಬ ಆಟಕ್ಕೆ 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಪ್ರಯತ್ನಿಸಿದಾಗ ಗುರಿ ಮುಟ್ಟಲಿಲ್ಲ. ಆಟ 2020ರಲ್ಲಿ ಪ್ರಕಾಶಕರೊಬ್ಬರ ಮೂಲಕ ಬಂತು. ನಮ್ಮ ಹುಡುಗರಿಗೆ ಪ್ರಕಾಶಕರಿಲ್ಲ.

ಇತ್ತೀಚಿನ ಉದಾಹರಣೆ ಬೇಕಿದ್ದವರಿಗೆ ‘ಬಲಾತ್ರೋ’ ಎಂಬ ಇಸ್ಪೀಟಿನ ಆಟವಿದೆ. ಕೆನಡಾದ ಒಬ್ಬನೇ ವ್ಯಕ್ತಿ, ನಿಜ ಹೆಸರನ್ನೂ ಹೇಳಿಕೊಳ್ಳದೆ, ಲೋಕಲ್‌ಥಂಕ್ ಎಂಬ ಹೆಸರಿನಲ್ಲಿ ಮಾಡಿದ್ದು. 2024ರ ಫೆಬ್ರವರಿ 20ಕ್ಕೆ ಬಿಡುಗಡೆಯಾಗಿ ಒಂದು ತಿಂಗಳೊಳಗೆ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ಬಿಡುಗಡೆಗೆ ಮೊದಲೇ ಅದರ ಡೆಮೊವನ್ನು ಆಡಿ, ಆಡುವುದನ್ನು ನೇರಪ್ರಸಾರ ಮಾಡಿ, ಜನರೇ ಪ್ರಚಾರ ಕೊಟ್ಟಿದ್ದರು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಲಾಟರಿ ಹೊಡೆದವನ ಮನೆ ತೋರಿಸಿ ಟಿಕೆಟು ಮಾರುವ ಬುದ್ಧಿ ನಮಗೆ ಬೇಡ.

ಹಾಗಾದರೆ ಡೆಮೊ ಸಿದ್ಧವಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಸಂಘದ ಕೋಣೆಯಲ್ಲೇ ಸಿಕ್ಕಿತು.

ಕಳೆದ ಸೆಪ್ಟೆಂಬರ್‌ನ ಒಂದು ಭಾನುವಾರ, ಅವನ ಕೋರಿಕೆಯಂತೆ, ಒಂಬತ್ತು ಮಂದಿಯನ್ನು ಕರೆಸಿ ಆಟ ಆಡಿಸಿದೆವು. ಅವನ ಷರತ್ತು ಒಂದೇ: ಯಾರೂ ಯಾರಿಗೂ ಹೇಳಿಕೊಡಬಾರದು, ತಾನೂ ಬಾಯಿ ಬಿಡುವುದಿಲ್ಲ. ಕೋಣೆಯ ಮೂಲೆಯಲ್ಲಿ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಮಾಷ್ಟ್ರು ಹತ್ತು ನಿಮಿಷ ಸುರಂಗದ ಬಾಯಿಯಲ್ಲೇ ನಿಂತಿದ್ದರು. ಪಿಕ್ಕಾಸು ಎತ್ತಲು ಯಾವ ಕೀಲಿ ಒತ್ತಬೇಕೆಂದು ತಿಳಿಯಲಿಲ್ಲ, ಕೇಳುವ ಹಾಗೂ ಇಲ್ಲ. ಹುಡುಗನ ಮುಖ ಬೆವರುತ್ತಿತ್ತು, ಆದರೂ ಹೇಳಲಿಲ್ಲ. ಆರನೇ ತರಗತಿಯ ಪೋರ ಒಬ್ಬ, ಅಡ್ಡಕ್ಕೆ ತೋಡಬೇಕಾದಲ್ಲಿ ನೇರ ಕೆಳಕ್ಕೆ ತೋಡಿ ಮೂರೇ ನಿಮಿಷದಲ್ಲಿ ಮೇಲೆ ಬರಲಾಗದಂತೆ ಸಿಕ್ಕಿಹಾಕಿಕೊಂಡ. ಆಟವೂ ಮುಂದೆ ಹೋಗಲಿಲ್ಲ, ಮುಗಿಯಲೂ ಇಲ್ಲ. ಕಂಪ್ಯೂಟರನ್ನೇ ನಿಲ್ಲಿಸಬೇಕಾಯಿತು. “ಬಾವಿ ತೋಡಿದ್ದು” ಎಂದ ಪೋರ. ಎರಡು ವರ್ಷ ಆಟ ಮಾಡಿದವನಿಗೆ ಒಬ್ಬರು ಹಾಗೂ ಮಾಡಬಹುದೆಂದು ಹೊಳೆದಿರಲಿಲ್ಲ.

ಬಂದವರಲ್ಲಿ ಹಿಂದೆ ಸುರಂಗ ತೋಡುತ್ತಿದ್ದ ಹಿರಿಯರೊಬ್ಬರಿದ್ದರು. ಅವರಿಗೆ ಮೌಸು ಹಿಡಿದು ಅಭ್ಯಾಸವಿಲ್ಲ, ಪಕ್ಕದಲ್ಲಿ ಕೂತು ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ದೀಪ ಹೀಗೆ ಪಕ್ಕನೆ ಆರುವುದಿಲ್ಲ ಮಗಾ. ಕುಡಿ ಮೊದಲು ಕುಗ್ಗುತ್ತದೆ. ಕುಗ್ಗಿದ್ದು ನೋಡಿಯೂ ಮುಂದೆ ಹೋದವನಿಗೆ ಆಮೇಲೆ ಕಾಲು ಎಳೆಯುತ್ತದೆ. ನಿನ್ನ ಆಟದಲ್ಲಿ ಅವನಿಗೆ ಹಿಂದೆ ಬರಲಿಕ್ಕೆ ಸಮಯವೇ ಕೊಟ್ಟಿಲ್ಲ” ಎಂದರು. ಪಿಕ್ಕಾಸಿನ ಪೆಟ್ಟು ಗಟ್ಟಿ ಮುರಕಲ್ಲಿನಲ್ಲಿ ಒಂದು ಸದ್ದು, ಒದ್ದೆ ಜೇಡಿಯಲ್ಲಿ ಇನ್ನೊಂದು ಸದ್ದು ಎಂದು ಮೇಜಿನ ಮೇಲೆ ಬಡಿದು ತೋರಿಸಿದರು. ಆ ಸದ್ದನ್ನು ಹುಡುಗಿ ಮೊಬೈಲಿನಲ್ಲಿ ಹಿಡಿದುಕೊಂಡಳು. ಆಟದ ಅತ್ಯುತ್ತಮ ಭಾಗ ಈಗ ಆ ದೀಪವೇ ಎಂದು ಇಬ್ಬರೂ ಹೇಳುತ್ತಾರೆ. ಅದು ಸೆಪ್ಟೆಂಬರ್‌ವರೆಗೆ ತಪ್ಪಾಗಿಯೇ ಇತ್ತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಕ್ಷರಕ್ಕೆ. ತೆರೆಯ ಮೇಲೆ ‘ಒತ್ತಿ’ ಎಂದಿರಬೇಕಾದಲ್ಲಿ ತ ಎಂಬ ಅಕ್ಷರದ ಕೆಳಗೆ ಒತ್ತು ಬಾರದೆ, ‘ಒತ್‌ತಿ’ ಎಂದು ಬಿಡಿಬಿಡಿಯಾಗಿ ಬಂದಿತ್ತು. ‘ಕಲ್ಲು’ ಒಡೆದುಹೋಗಿ ‘ಕಲ್‌ಲು’ ಆಗಿತ್ತು. ಅವನು ತಾನು ಪರೀಕ್ಷೆ ಮಾಡುವಾಗಲೆಲ್ಲ ಇಂಗ್ಲಿಷಿನಲ್ಲೇ ಇಟ್ಟುಕೊಂಡು ಮಾಡುತ್ತಿದ್ದ, ಕನ್ನಡ ಪಠ್ಯವನ್ನು ಹಿಂದಿನ ವಾರವಷ್ಟೇ ಹಾಕಿದ್ದ. ಆಟಗಳನ್ನು ಕಟ್ಟುವ ‘ಎಂಜಿನ್’ ಎಂಬ ತಂತ್ರಾಂಶಗಳಲ್ಲಿ ಹಲವು ಇಂಗ್ಲಿಷಿನಂತೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತವೆ. ಕನ್ನಡದಲ್ಲಿ ವ್ಯಂಜನದ ಕೆಳಗೆ ಒತ್ತು, ಮೇಲೆ ಗುಣಿತ, ಹಿಂದೆ ಅರ್ಕಾವತ್ತು ಬರಬೇಕು. ಯಾವ ಅಕ್ಷರ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುವ ಬೇರೆಯೇ ಒಂದು ಭಾಗ ಎಂಜಿನ್‌ನಲ್ಲಿರಬೇಕು. ಅವರು ಮೊದಲು ಹಿಡಿದದ್ದರಲ್ಲಿ ಅದು ಸರಿಯಾಗಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ ಗೊಡಾಟ್ ಎಂಬ ಉಚಿತ ಎಂಜಿನ್‌ನ ನಾಲ್ಕನೆಯ ಆವೃತ್ತಿಯಲ್ಲಿ ಈ ವ್ಯವಸ್ಥೆ ಇದೆ. ಈಗ ಇಡೀ ಆಟವನ್ನು ಅದಕ್ಕೆ ಸಾಗಿಸುತ್ತಿದ್ದಾರೆ. ಮೂರು ನಾಲ್ಕು ತಿಂಗಳ ಕೆಲಸ. ಡಿಸೆಂಬರ್‌ಗೆ ಡೆಮೊ ಇಲ್ಲ ಎನ್ನುವುದಕ್ಕೆ ಮುಖ್ಯ ಕಾರಣ ಇದೇ.

ಸಮಿತಿಯಲ್ಲಿ ಒಬ್ಬರು, ಈಗ ಇಂಗ್ಲಿಷಿನಲ್ಲಿ ಬಿಡಲಿ, ಕನ್ನಡ ನಿಧಾನಕ್ಕೆ ಸೇರಿಸಲಿ ಎಂದರು. ವ್ಯಾಪಾರದ ದೃಷ್ಟಿಯಿಂದ ಅವರ ಮಾತು ತಪ್ಪಲ್ಲ, ಕೊಳ್ಳುವವರಲ್ಲಿ ಹೆಚ್ಚಿನವರು ಕನ್ನಡ ಬಾರದವರೇ ಆಗಿರುತ್ತಾರೆ. ಆದರೆ ನಾವು ಒಪ್ಪಲಿಲ್ಲ. ನಾವು ದುಡಿದ ಕಚೇರಿಯೊಂದರ ಹೊರಗೆ ವರ್ಷಗಟ್ಟಲೆ ಒಂದು ಫಲಕವಿತ್ತು. ಮಲಯಾಳ, ಇಂಗ್ಲಿಷ್ ಸರಿಯಾಗಿದ್ದು ಕನ್ನಡದಲ್ಲಿ ಮಾತ್ರ ಒತ್ತಕ್ಷರ ತಪ್ಪಿತ್ತು. ತಿದ್ದಲು ಮೂರು ಸಲ ಟಿಪ್ಪಣಿ ಬರೆದೆವು. ‘ಓದಲು ಬರುತ್ತದಲ್ಲ’ ಎಂಬ ಉತ್ತರ ಬಂತು. ನಾವು ನಿವೃತ್ತರಾದ ದಿನವೂ ಆ ಫಲಕ ಹಾಗೆಯೇ ಇತ್ತು. ನಮ್ಮ ಹುಡುಗರ ಆಟವನ್ನು ಲೋಕ ಮೊದಲು ನೋಡುವ ದಿನ ಅದರಲ್ಲಿ ಕನ್ನಡ ಇರಬೇಕು, ಒತ್ತು ಸಮೇತ ಇರಬೇಕು. ಹುಡುಗಿಯ ನಿಲುವೂ ಇದೇ. ಕೆನಡಾದ ಟೊರಾಂಟೊದ ತಂಡವೊಂದು ತಮಿಳು ಮನೆಯ ಅಡುಗೆಯನ್ನೇ ವಸ್ತುವಾಗಿಸಿ ಮಾಡಿದ ‘ವೆಣ್ಬಾ’ ಎಂಬ ಆಟ 2023ರಲ್ಲಿ ಬಂದು ದೊಡ್ಡ ಪ್ರಶಸ್ತಿಗಳನ್ನು ಪಡೆದದ್ದನ್ನು ಅವಳು ಆಗಾಗ ನೆನಪಿಸುತ್ತಾಳೆ.

ಹೀಗೆ ಅವರು ಈಗ ಗೊತ್ತುಮಾಡಿಕೊಂಡಿರುವ ಕ್ರಮವನ್ನು ತಿಳಿಸುತ್ತೇವೆ. ಜನವರಿ ಕೊನೆಗೆ ಸ್ಟೀಮ್‌ನಲ್ಲಿ ಪುಟ ತೆರೆಯುವುದು, ಜೊತೆಗೆ ಒಂದು ನಿಮಿಷದ ಟ್ರೇಲರ್. ಏಪ್ರಿಲ್‌ನಲ್ಲಿ, ವಿಷುವಿನ ಆಸುಪಾಸು, ಡೆಮೊವನ್ನು ಸದ್ದಿಲ್ಲದೆ ಬಿಡುವುದು. ಜೂನ್‌ನಲ್ಲಿ ಜಾತ್ರೆ. ಸೆಪ್ಟೆಂಬರ್‌ನಲ್ಲಿ ಆಟ.

ಜಾತ್ರೆಯ ದಿನವೇ ಡೆಮೊ ಬಿಟ್ಟರಾಗದೇ, ಏಪ್ರಿಲ್‌ನಲ್ಲಿ ಏಕೆ ಎಂದು ನಾವೂ ಕೇಳಿದೆವು. ಜಾತ್ರೆಯ ಮೊದಲ ದಿನ ಸಾವಿರ ಜನ ಒಟ್ಟಿಗೆ ಬಂದಾಗ, ‘ಬಾವಿ ತೋಡಿದ’ ಪೋರನಂಥವರು ಅದರಲ್ಲಿ ಐವತ್ತು ಜನರಿರುತ್ತಾರೆ. ಆ ದೋಷಗಳು ಏಪ್ರಿಲ್‌ನಲ್ಲಿ ನೂರು ಜನರ ಕೈಯಲ್ಲಿ ಹೊರಬಿದ್ದರೆ ಮೇ ತಿಂಗಳಲ್ಲಿ ತಿದ್ದಬಹುದು. ಆಟಗಳನ್ನು ಆಡಿ ವಿಡಿಯೊ ಮಾಡುವವರಿಗೂ ಮುಂಚಿತವಾಗಿ ಸಿಗುತ್ತದೆ. ಡೆಮೊಗೆ ಪ್ರತ್ಯೇಕ ಪುಟ, ಅದರಲ್ಲಿ ಆಡಿದವರ ವಿಮರ್ಶೆ ಎಂಬ ವ್ಯವಸ್ಥೆಯನ್ನೂ ಸ್ಟೀಮ್‌ನವರು 2024ರ ಜುಲೈಯಲ್ಲಿ ತಂದಿದ್ದಾರೆ. ಇದು ಎರಡು ಅಲಗಿನ ಕತ್ತಿ, ಕೆಟ್ಟ ಡೆಮೊ ಬಿಟ್ಟರೆ ಕೆಟ್ಟ ಮಾತೂ ಎಲ್ಲರಿಗೂ ಕಾಣುವಂತೆ ಅಲ್ಲಿ ನಿಲ್ಲುತ್ತದೆ.

ಫೆಬ್ರವರಿಯ ಜಾತ್ರೆಗೆ ಎಂಜಿನ್ ಬದಲಾವಣೆ ಮುಗಿಯುವುದಿಲ್ಲ. ಅಕ್ಟೋಬರ್‌ನದಕ್ಕೆ ಕಾದರೆ ದೀಪಾವಳಿ ಎದುರಿಗೇ ಬರುತ್ತದೆ, ಕೈಯಲ್ಲಿ ಹಣವಿರುವುದಿಲ್ಲ. ಹಾಗಾಗಿ ಜೂನ್ ಎಂಬುದು ಆಯ್ಕೆ ಎನ್ನುವುದಕ್ಕಿಂತ ಉಳಿದ ದಾರಿ. ಜೂನ್ ಎಂದರೆ ನಮ್ಮಲ್ಲಿ ಮಳೆ, ಮರ ಬಿದ್ದು ಎರಡೆರಡು ದಿನ ಕರೆಂಟಿಲ್ಲ. ಜಾತ್ರೆಯ ವಾರ ತಪ್ಪು ಕಂಡ ಕೂಡಲೇ ತಿದ್ದಿ ಹೊಸ ಪ್ರತಿ ಕಳುಹಿಸುತ್ತಿರಬೇಕು. ಅವರ ಮನೆ ಇರುವ ಗುಡ್ಡೆಯಲ್ಲಿ ಮೊಬೈಲ್ ಸಿಗ್ನಲ್ಲೂ ಬೇಸಿಗೆಯಲ್ಲಿ ಮಾತ್ರ. ಆದ್ದರಿಂದ ಆ ವಾರವಿಡೀ ಇನ್ವರ್ಟರ್ ಇರುವ ಸಂಘದ ಕಚೇರಿ ಕೋಣೆಯನ್ನು ಅವರಿಬ್ಬರಿಗೆ ಬಿಟ್ಟುಕೊಡಲು, ಬ್ಯಾಟರಿ ಹೊಸದು ಹಾಕಿಸಲು ಸಮಿತಿ ಸರ್ವಾನುಮತದಿಂದ ನಿರ್ಣಯಿಸಿದೆ. ಬ್ಯಾಟರಿಯ ಅರ್ಧ ಹಣ ಕೋಶಾಧಿಕಾರಿಗಳೇ ಕೊಟ್ಟರು, ಇದನ್ನು ಬರೆಯಬೇಡಿ ಎಂದಿದ್ದರು.

ಡೆಮೊವನ್ನು ಎಲ್ಲಿ ನಿಲ್ಲಿಸಬೇಕೆಂಬ ಚರ್ಚೆ ಅವರೊಳಗೆ ಇನ್ನೂ ನಡೆದಿದೆ. ಅರ್ಧ ಗಂಟೆಗೆ ಮೀರಬಾರದು ಎಂಬಲ್ಲಿ ಒಮ್ಮತವಿದೆ. ಮೊದಲ ನೀರು ಸಿಕ್ಕ ಸಂತೋಷದಲ್ಲಿ ನಿಲ್ಲಿಸೋಣ ಎಂದು ಅವನು. ನೀರು ಸಿಕ್ಕಿದ ಮೇಲೆ ಯಾರು ಮುಂದೆ ಕೊಳ್ಳುತ್ತಾರೆ, ಎರಡನೆಯ ಸುರಂಗದಲ್ಲಿ ದೀಪದ ಕುಡಿ ಕುಗ್ಗುವಲ್ಲಿ ನಿಲ್ಲಿಸೋಣ ಎಂದು ಅವಳು. ತಾಳಮದ್ದಳೆಯಲ್ಲಿ ರಾತ್ರಿ ಹನ್ನೆರಡಕ್ಕೆ ಪ್ರಸಂಗ ಯಾವ ಸಂಧಿಯಲ್ಲಿದ್ದರೆ ಜನ ಏಳುವುದಿಲ್ಲ ಎಂದು ಕಂಡವರು ನಾವು. ನಮ್ಮ ಮತ ಅವಳಿಗೆ.

ವಾರ್ಷಿಕೋತ್ಸವದ ದಿನ ‘ಬಿಡುಗಡೆ’ ಇರುವುದಿಲ್ಲವಾದರೂ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಚೇರಿ ಕೋಣೆಯಲ್ಲಿ ಮೂರು ಕಂಪ್ಯೂಟರ್ ಇಟ್ಟು, ಹೊಸ ಎಂಜಿನ್‌ಗೆ ಅಷ್ಟರಲ್ಲಿ ಸಾಗಿಸಿರುವ ಮೊದಲ ಸುರಂಗದ ಪರೀಕ್ಷಾ ಪ್ರತಿಯನ್ನು ಆಡಿಸುತ್ತೇವೆ. ಇದು ಡೆಮೊ ಅಲ್ಲ. ಪ್ರತಿಯನ್ನು ಯಾರಿಗೂ ಪೆನ್‌ಡ್ರೈವಿಗೆ ಹಾಕಿ ಕೊಡುವುದಿಲ್ಲ, ದಯವಿಟ್ಟು ಒತ್ತಾಯಿಸಬೇಡಿ. ತೆರೆಯ ವಿಡಿಯೊ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದೂ ಬೇಡ. ಒಬ್ಬರಿಗೆ ಇಪ್ಪತ್ತು ನಿಮಿಷದಂತೆ ಇಪ್ಪತ್ತೇಳು ಮಂದಿಗೆ ಮಾತ್ರ ಅವಕಾಶ, ಹೆಸರನ್ನು ಮುಂಚಿತವಾಗಿ ಕಚೇರಿಯ ಪುಸ್ತಕದಲ್ಲಿ ಬರೆಸಬೇಕು. ಆಟ ಬಲ್ಲ ಮಕ್ಕಳಿಗಿಂತ ಎಂದೂ ಆಡದ ಅರುವತ್ತು ದಾಟಿದವರು ಹೆಚ್ಚು ಬಂದರೆ ಉಪಕಾರ ಎಂದು ಹುಡುಗ ಹೇಳಿದ್ದಾನೆ. ಓದುವ ಕನ್ನಡಕ ತನ್ನಿ. ಗೊತ್ತಾಗದಿದ್ದರೆ ಅವನನ್ನು ಕೇಳಬೇಡಿ, ಅವನು ಹೇಳುವುದಿಲ್ಲ. ಎಲ್ಲಾದರೂ ಒತ್ತಕ್ಷರ ತಪ್ಪಿದ್ದು ಕಂಡರೆ ಮಾತ್ರ ಜೋರಾಗಿ ಹೇಳಿ.

ಪೋರನ ಹೆಸರನ್ನು ಮೊದಲನೆಯದಾಗಿ ನಾವೇ ಬರೆದಿಟ್ಟಿದ್ದೇವೆ. ಈ ಸಲವೂ ಅವನು ಕೆಳಕ್ಕೇ ತೋಡುತ್ತಾನಂತೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ